ಕೈಗೆ ಹಗುರಾದ ಪೈಪು

ಕಬ್ಬಿಣ ಕೊಳ್ಳಲು ಹೊರಟವರು ನನ್ನನ್ನು ಕೇಳಿದರೆ ಮೊದಲು ಹೇಳುವ ಮಾತು ಒಂದೇ. ನಿಮ್ಮನ್ನು ಮೆಚ್ಚುವವರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ಒಬ್ಬರೇ ಹೋದರೆ ಸರಿ ಇಲ್ಲದ್ದನ್ನು ಅಲ್ಲೇ ಬಿಟ್ಟು ಬರಬಹುದು. ಮೆಚ್ಚುವವರು ಪಕ್ಕದಲ್ಲಿ ನಿಂತಿದ್ದರೆ ಬರಿಗೈಯಲ್ಲಿ ವಾಪಸು ಬರಲು ಮನಸ್ಸು ಒಪ್ಪುವುದಿಲ್ಲ. ಮೂವತ್ತು ವರ್ಷ ವ್ಯಾಪಾರ ಮಾಡಿದ ಮೇಲೆ ಇದು ನನಗೆ ಗೊತ್ತಾಯಿತು, ಅದೂ ನನ್ನ ಮಗಳ ಕಾರಿನಿಂದ.

ಗಂಗಾವತಿಯಲ್ಲಿ ಹಳೆಯ ಅಕ್ಕಿ ಗಿರಣಿಗಳ ಸಾಮಾನು ಕೊಂಡು ಮಾರುವುದು ನನ್ನ ಕಸುಬು. ಮೋಟರು, ಬೇರಿಂಗು, ಪಟ್ಟಾ, ಎಲಿವೇಟರಿನ ಬಕೆಟ್ಟು. ಒಂದು ಗಿರಣಿ ಮುಚ್ಚಿತೆಂದರೆ ಅದರ ಒಳಗಿದ್ದದ್ದೆಲ್ಲ ನನ್ನ ಶೆಡ್ಡಿಗೆ ಬಂದು, ಅಲ್ಲಿಂದ ಇನ್ನೊಂದು ಗಿರಣಿಗೆ ಹೋಗುತ್ತದೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಕಲಿಸಿದ್ದು ನನ್ನ ಅಪ್ಪ. ಅವನು ಕುಷ್ಟಗಿ, ಯಲಬುರ್ಗಾ ಕಡೆಯ ದನದ ಸಂತೆಗಳಲ್ಲಿ ದಲಾಲಿ ಮಾಡುತ್ತಿದ್ದ.

ದನದ ವ್ಯಾಪಾರ ನೋಡದವರಿಗೆ ಹೇಳುತ್ತೇನೆ. ಅಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರೂ ಕೈ ಹಿಡಿದು ಮೇಲೊಂದು ಟವೆಲ್ ಹೊದಿಸಿಕೊಳ್ಳುತ್ತಾರೆ. ಒಳಗೆ ಬೆರಳು ಹಿಡಿದು ದರ ಕೇಳುವುದು, ಬೆರಳು ಮಡಿಸಿ ಇಳಿಸುವುದು. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಕೊನೆಗೆ ಒಬ್ಬನು ಇನ್ನೊಬ್ಬನ ಇಡೀ ಮುಷ್ಟಿಯನ್ನು ಬಿಗಿಯಾಗಿ ಒತ್ತಿದರೆ ವ್ಯಾಪಾರ ಮುಗಿಯಿತು, ಆಮೇಲೆ ಯಾರೂ ತುಟಿ ಬಿಚ್ಚಬಾರದು. ಕೈ ಹಿಂದಕ್ಕೆ ಎಳೆದುಕೊಂಡರೆ ವ್ಯಾಪಾರ ಇಲ್ಲ. ಅಷ್ಟೇ ಕಾನೂನು.

ನನ್ನ ಮಗಳು ಇದನ್ನು ಮೂರನೆಯ ತರಗತಿಗೇ ಕಲಿತಿದ್ದಳು. ಬಟ್ಟೆ ಅಂಗಡಿಯಲ್ಲಿ, ಪಾತ್ರೆ ಅಂಗಡಿಯಲ್ಲಿ ನನ್ನ ಹೆಗಲ ಟವೆಲಿನ ಅಡಿ ಪುಟ್ಟ ಕೈ ತೂರಿಸಿ ನನ್ನ ಕಿರುಬೆರಳು ಜಗ್ಗುತ್ತಿದ್ದಳು. ಇನ್ನೂ ಇಳಿಸು ಅಂತ ಅರ್ಥ. ಅಂಗಡಿಯವನಿಗೆ ಗೊತ್ತೇ ಆಗುತ್ತಿರಲಿಲ್ಲ. ಸಾಕೆನ್ನಿಸಿದಾಗ ನನ್ನ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಒತ್ತುತ್ತಿದ್ದಳು. ಒಂದು ಕೈಗೆ ನನ್ನ ಮುಷ್ಟಿ ಸಿಗುತ್ತಿರಲಿಲ್ಲ.

ಆಕೆ ಮೆಕ್ಯಾನಿಕಲ್ ಇಂಜಿನಿಯರಿಂಗ್‌ಗೆ ಸೇರಿದಾಗ ಊರವರು, ಹುಡುಗಿಗೆ ಇದೆಲ್ಲ ಯಾಕೆ ಎಂದರು. ನನಗೆ ಮಾತ್ರ ಸಂತೋಷವಾಗಿತ್ತು. ಬೇರಿಂಗಿನ ಎಣ್ಣೆಯ ವಾಸನೆ ಮೂಗಿಗೆ ಹತ್ತಿಯೇ ಬೆಳೆದ ಮಗು. ಎರಡನೆಯ ವರ್ಷದಲ್ಲಿ ಕಾಲೇಜಿನ ಹುಡುಗರು ಸೇರಿ ಒಂದು ಫಾರ್ಮುಲಾ ಕಾರು ಕಟ್ಟಲು ಶುರು ಮಾಡಿದರು. ಒಬ್ಬರೇ ಕೂರುವ, ಮೇಲೆ ತಗಡಿಲ್ಲದ, ನಾಲ್ಕೂ ಗಾಲಿ ಹೊರಗೆ ಕಾಣುವ ಗಾಡಿ. ಎಂಜಿನ್ ಮೋಟರ್ ಸೈಕಲ್ಲಿನದು, ಬೆನ್ನ ಹಿಂದೆ ಇರುತ್ತದೆ. ಮೈಯೆಲ್ಲ ಪೈಪಿನ ಪಂಜರ. ಓಡಿಸುವವರ ತಲೆಯ ಹಿಂದೆ ಒಂದು ಪೈಪು ಕಮಾನಿನ ಹಾಗೆ ಬಾಗಿ ನಿಂತಿರುತ್ತದೆ. ಗಾಡಿ ಮಗುಚಿ ಬಿದ್ದರೆ ನೆಲಕ್ಕೆ ಮೊದಲು ತಾಗಬೇಕಾದದ್ದು ಆ ಕಮಾನು, ತಲೆ ಅಲ್ಲ. ಇದನ್ನು ನನಗೆ ಶೆಡ್ಡಿನಲ್ಲಿ ಸೀಮೆಸುಣ್ಣದಲ್ಲಿ ಬರೆದು ತೋರಿಸಿದವಳು ಆಕೆಯೇ.

ಎರಡು ವರ್ಷ ಆಕೆ ಆ ಗಾಡಿಯ ಅಡಿಯಲ್ಲೇ ಮಲಗಿದ್ದಳು. ಪಾನಾ ಹಿಡಿಯುವುದು, ವೆಲ್ಡಿಂಗಿಗೆ ಪೈಪು ಉಜ್ಜುವುದು. ಓಡಿಸುವವರು ಹಿರಿಯ ಹುಡುಗರು. ಕೊನೆಯ ವರ್ಷಕ್ಕೆ ಬಂದಾಗ ಹೊಸ ಗಾಡಿ ಕಟ್ಟುವುದೆಂದಾಯಿತು, ಓಡಿಸಲು ನಾಲ್ವರನ್ನು ಪರೀಕ್ಷೆ ಮಾಡಿದರು. ಹಳೆಯ ಗಾಡಿಯಲ್ಲಿ ಒಂದೊಂದು ಸುತ್ತು. ಎಲ್ಲರಿಗಿಂತ ಬೇಗ ಬಂದವಳು ನನ್ನ ಮಗಳು. ಆ ದಿನ ಫೋನ್ ಮಾಡಿದಳು.

"ಯಪ್ಪಾ, ಈ ಸಲ ಒಳಗ ನಾನ ಕುಂದ್ರತೀನಿ" ಎಂದಳು. ಮತ್ತೆ ಅದನ್ನೇ ಎಂದಳು. "ನಾನ ಯಪ್ಪಾ."

ಅದೇ ಆಕೆಯ ಒಂದೇ ಅವಕಾಶ. ಕೋರ್ಸು ಮುಗಿದರೆ ಗಾಡಿ ಕಿರಿಯರದ್ದು. ಕೊಪ್ಪಳದ ಹತ್ತಿರ ಹವ್ಯಾಸಿಗಳು ನಡೆಸುವ ಆಟೋಕ್ರಾಸ್ ಎಂಬ ಒಂದು ಕಾರಿನ ಸ್ಪರ್ಧೆ ಇತ್ತು, ಅದಕ್ಕೆ ಗಾಡಿ ಕಟ್ಟಬೇಕಿತ್ತು.

ಇನ್ನು ನನ್ನ ಪಾಲು ಹೇಳಬೇಕು. ಪೈಪು ತರುವ ಕೆಲಸ ನಾನೇ ಮೇಲೆ ಹಾಕಿಕೊಂಡೆ. ಮಕ್ಕಳಿಗೆ ವ್ಯಾಪಾರಿ ಟೋಪಿ ಹಾಕುತ್ತಾನೆ, ನಾನು ಬರುತ್ತೇನೆ ಎಂದೆ. ಹೊಸಪೇಟೆಯ ಕಡೆ ಒಂದು ಗೋಡೌನಿಗೆ ಹೋದೆವು. ಮಗಳು, ತಂಡದ ನಾಯಕನಾದ ಹುಡುಗ, ಇನ್ನಿಬ್ಬರು. ಬೇಕಾದದ್ದು ಒಂದಿಂಚಿನ ಪೈಪು, ಗೋಡೆಯ ದಪ್ಪ ಎರಡೂವರೆ ಮಿಲಿಮೀಟರ್. ವ್ಯಾಪಾರಿ ಒಂದು ತುಂಡು ತೋರಿಸಿದ. ಮಗಳು ಕ್ಯಾಲಿಪರ್ ಹಚ್ಚಿ ಅಳೆದಳು, ಸರಿ ಇತ್ತು. ಅವನು ಹೇಳಿದ ದರಕ್ಕೆ ನಾನು ನಕ್ಕೆ. ಹುಡುಗರಿಗೆ ಹೇಳಿದೆ, ಮೊದಲ ದರಕ್ಕೆ ನಗಬೇಕು, ಎರಡನೆಯದಕ್ಕೆ ಎದ್ದು ನಿಲ್ಲಬೇಕು.

"ಸಾವ್ಕಾರ್ರ, ನಾವು ಪೈಪು ಕೇಳಾಕ ಬಂದೀವಿ, ಬಂಗಾರ ಅಲ್ಲ" ಎಂದೆ.

"ಅಣ್ಣಾರ, ನೀವು ಬಂಗಾರದಂಥಾ ಮಾಲು ಕೇಳಾಕತ್ತೀರಿ, ಗುಜರಿ ದರದಾಗ!" ಎಂದ ಅವನು.

ಅವನು ಎರಡನೆಯ ದರ ಹೇಳಿದ, ನಾನು ಎದ್ದು ನಿಂತೆ. ಹುಡುಗರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಬಾಗಿಲ ತನಕ ಹೋದೆ. ಆಗ ಅವನು ಒಮ್ಮೆಲೇ, ನಾನು ಕೇಳಿದ್ದಕ್ಕಿಂತಲೂ ಕೆಳಗೆ ಇಳಿದ. ನೋಡಿ, ಮೆಲ್ಲಗೆ ಇಳಿಯುವ ದರ ನಿಜವಾದದ್ದು. ಧಡಕ್ಕನೆ ಇಳಿದರೆ ಸಾಮಾನು ಬದಲಾಗಿದೆ ಅಂತ ಅರ್ಥ. ಇದು ನನಗೆ ಗೊತ್ತಿಲ್ಲದ್ದಲ್ಲ.

"ಈ ಕಡಿ ರಾಶ್ಯಾಗಿಂದ ತಗೋರಿ" ಎಂದು ಒಳಗಿನ ಮೂಲೆ ತೋರಿಸಿದ. "ಎಲ್ಲಾ ಒಂದ ಮಾಲು."

ಮಗಳು ಕ್ಯಾಲಿಪರ್ ಮತ್ತೆ ತೆಗೆದಳು, ನನ್ನ ಕೈ ಪೈಪಿನ ಕಡೆ ಹೋದದ್ದು ನೋಡಿ ತಡೆದಳು. ನಾಯಕ ಹುಡುಗ, "ಅಳಿಯೋದು ಬ್ಯಾಡೇನು?" ಎಂದ. ಆಕೆ ನನ್ನ ಕಡೆ ಕೈ ತೋರಿಸಿ ಹೇಳಿದಳು, "ನಮ್ಮಪ್ಪ ಕೈಯಾಗ ಹಿಡಿದ್ರ ಸಾಕು. ತಕ್ಕಡಿ ಸುಳ್ಳ ಹೇಳೀತು, ನಮ್ಮಪ್ಪನ ಕೈ ಹೇಳಂಗಿಲ್ಲ." ಕ್ಯಾಲಿಪರ್ ಚೀಲಕ್ಕೆ ಹಾಕಿದಳು.

ನಾನು ಒಂದು ಪೈಪನ್ನು ನಡುವೆ ಹಿಡಿದು ಎತ್ತಿದೆ. ಹಗುರವಾಗಿತ್ತು.

ಭಾಳ ಅಲ್ಲ. ಬೇರೆಯವರಿಗೆ ಗೊತ್ತಾಗುತ್ತಿರಲಿಲ್ಲ. ನನ್ನ ಮುಂಗೈ ಅದನ್ನು ಅಲ್ಲಿಯೇ ಹೇಳಿತು. ಆಗ ನಾನು ಮಾಡಬೇಕಾಗಿದ್ದದ್ದು ಇಷ್ಟೇ, ಇದು ಬೇಡ, ಅದೇ ಮೊದಲಿನ ರಾಶಿಯದು ಕೊಡು, ದರ ನಿನ್ನದೇ ಇರಲಿ ಅನ್ನುವುದು. ಹಾಗಂದಿದ್ದರೆ ಬಾಗಿಲ ತನಕ ಹೋಗಿ ಬಂದದ್ದು ಬರೀ ಆಟವಾಗುತ್ತಿತ್ತು. ಅಷ್ಟರಲ್ಲಿ ಹುಡುಗರು, "ಕಾಕಾ ಅಂದ್ರ ಕಾಕಾ!" ಎಂದು ಚಪ್ಪಾಳೆ ಹೊಡೆದರು. ಮಗಳು ಅವರನ್ನು ನೋಡದೆ ನನ್ನನ್ನು ನೋಡುತ್ತಿದ್ದಳು. ಮೂರನೆಯ ತರಗತಿಯಲ್ಲಿ ಬಟ್ಟೆ ಅಂಗಡಿಯಿಂದ ಹೊರಗೆ ಬಂದಾಗ ನೋಡುತ್ತಿದ್ದ ಹಾಗೆ. ಆ ಮುಖವನ್ನು ಕೆಡಿಸಲು ನನ್ನಿಂದ ಆಗಲಿಲ್ಲ.

"ಛಲೋ ಐತಿ" ಎಂದೆ. "ಹೇರ್ರಿ."

ಬಿಲ್ಲಿನಲ್ಲಿ ಎರಡೂವರೆ ಮಿಲಿಮೀಟರ್ ಎಂದೇ ಬರೆದುಕೊಟ್ಟ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ, ಎಲ್ಲವೂ ಹಗುರವಿರಲಿಕ್ಕಿಲ್ಲ, ಕೈ ದಣಿದಿತ್ತು, ವಯಸ್ಸಾಯಿತು. ನಮಗೆ ನಾವೇ ಮೋಸ ಮಾಡಿಕೊಳ್ಳುವಾಗ ಎಷ್ಟು ಸುಲಭಕ್ಕೆ ಚೌಕಾಶಿ ಕುದುರುತ್ತದೆ ನೋಡಿ. ಆ ಪೈಪಿನಲ್ಲಿ ಒಣ ಮರಳು ತುಂಬಿ, ಎರಡೂ ಬಾಯಿಗೆ ಕಟ್ಟಿಗೆಯ ಬೆಣೆ ಹೊಡೆದು ಬಾಗಿಸಿದರು. ಮರಳು ತುಂಬಿದ್ದರೆ ಬಾಗುವಾಗ ಪೈಪು ಚಪ್ಪಟೆಯಾಗುವುದಿಲ್ಲ. ಬೆಣೆ ತೆಗೆದು ಮರಳು ಸುರಿದ ತಕ್ಷಣ ವೆಲ್ಡಿಂಗ್ ಮಾಡಿ ಮುಚ್ಚಿದರು. ಆಮೇಲೆ ಒಳಗಿನ ದಪ್ಪ ನೋಡುವವರು ಯಾರು?

ಅಭ್ಯಾಸಕ್ಕೆ ಜಾಗ ಕೊಡಿಸಿದವನೂ ನಾನೇ. ನನಗೆ ಗೊತ್ತಿರುವ ಒಂದು ಗಿರಣಿಯ ಮುಂದೆ ಭತ್ತ ಒಣಗಿಸುವ ದೊಡ್ಡ ಕಾಂಕ್ರೀಟ್ ಅಂಗಳವಿದೆ. ಸುಗ್ಗಿ ಇಲ್ಲದಾಗ ಅದು ಖಾಲಿ. ಆಟೋಕ್ರಾಸ್ ಅಂದರೆ ಗಾಡಿಗಳು ಒಂದರ ಹಿಂದೆ ಒಂದು ಓಡುವುದಲ್ಲ. ನೆಲದ ಮೇಲೆ ಕೆಂಪು ಕೋನುಗಳನ್ನಿಟ್ಟು ಸಂದಿ ಮಾಡಿರುತ್ತಾರೆ, ಒಂದು ಗಾಡಿ ಒಬ್ಬಂಟಿಯಾಗಿ ಅದರೊಳಗೆ ತಿರುಗಿ ತಿರುಗಿ ಬರಬೇಕು, ಗಡಿಯಾರ ನೋಡುತ್ತಾರೆ. ಕೋನು ಬಿದ್ದರೆ ಸಮಯ ಹೆಚ್ಚುತ್ತದೆ. ನಮ್ಮಲ್ಲಿ ಕೋನು ಇರಲಿಲ್ಲ. ಚೀಲಗಳಿಗೆ ಭತ್ತದ ಹೊಟ್ಟು ತುಂಬಿ ಸಾಲಾಗಿ ಇಟ್ಟೆವು.

ಗಿರಣಿಯ ಹಮಾಲರು ಬೀಡಿ ಹಚ್ಚಿಕೊಂಡು ಸುತ್ತ ಕೂತಿದ್ದರು.

"ಏನವಾ ತಂಗಿ, ಇದಕ್ಕ ಮ್ಯಾಲ ತಗಡು ಹಾಕಾಕ ರೊಕ್ಕ ಸಾಲಲಿಲ್ಲೇನು?"

"ತಗಡು ನಿಮ್ಮ ಗಿರಣಿಗೆ ಬೇಕಂತ ಬಿಟ್ಟೀವಿ ಕಾಕಾ" ಎಂದಳು ಮಗಳು. "ಮಳಿ ಬಂದ್ರ ಸೋರತೈತಲ್ಲ!"

ಹೋ ಎಂದು ನಕ್ಕರು. ಆಕೆ ಹೆಲ್ಮೆಟ್ ಹಾಕಿಕೊಂಡು ಒಳಗೆ ಇಳಿದಳು. ಆಮೇಲೆ ಯಾರೂ ನಗಲಿಲ್ಲ. ಆ ಚೀಲಗಳ ನಡುವೆ ಗಾಡಿ ಹೋದದ್ದು, ಹಿಂದೆ ಹೊಟ್ಟಿನ ಧೂಳು ಎದ್ದದ್ದು, ಕೊನೆಯ ತಿರುವಿನಲ್ಲಿ ಹಿಂದಿನ ಗಾಲಿ ಜಾರಿ ಮತ್ತೆ ನೇರಕ್ಕೆ ಬಂದದ್ದು. ಒಬ್ಬ ಮುದುಕ ಹಮಾಲ ಎದ್ದು ನಿಂತು, "ಒಂದೂ ಚೀಲ ಮುಟ್ಟಲಿಲ್ಲಲೇ!" ಎಂದ. ನನ್ನ ಕಣ್ಣು ಮಾತ್ರ ಆಕೆಯ ಕೈ ಮೇಲೆ ಇರಲಿಲ್ಲ, ಗಾಲಿಯ ಮೇಲೂ ಇರಲಿಲ್ಲ. ತಲೆಯ ಹಿಂದಿನ ಕಮಾನಿನ ಮೇಲಿತ್ತು. ಮಗಳು ಜೀವನದಲ್ಲಿ ಅತ್ಯಂತ ಚೆನ್ನಾಗಿ ಮಾಡಿದ ಕೆಲಸವನ್ನು ನಾನು ಹೀಗೆ ನೋಡಿದೆ.

ಸ್ಪರ್ಧೆ ನಡೆದದ್ದು ಕೊಪ್ಪಳದ ಹೊರಗೆ, ಪ್ಲಾಟು ಹಾಕಿ ಮಾರಾಟಕ್ಕಿಟ್ಟ ಒಂದು ಬಯಲಿನಲ್ಲಿ. ಡಾಂಬರು ರಸ್ತೆ ಆಗಿತ್ತು, ಕರೆಂಟಿನ ಕಂಬ ನಿಂತಿತ್ತು, ಮನೆ ಒಂದೂ ಎದ್ದಿರಲಿಲ್ಲ. ಮನೆಯ ಕಾರು ತಂದವರು ಒಂದು ಕಡೆ, ಕಾಲೇಜುಗಳ ನಾಲ್ಕು ಗಾಡಿ ಇನ್ನೊಂದು ಕಡೆ. ನನ್ನ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು, ಮಗಳು ಓಡಿಸಿದ ಮೇಲೆ ಉಣ್ಣುತ್ತೇನೆಂದು ಬದಿಗಿಟ್ಟಳು.

ಓಡಿಸುವ ಮೊದಲು ಗಾಡಿಯ ತಪಾಸಣೆ. ಮಾಡುವವರು ಒಬ್ಬ ವಯಸ್ಸಾದ ಸಾಹೇಬರು, ಮಾತು ಕಡಿಮೆ. ಬ್ರೇಕು ನೋಡಿದರು, ಬೆಲ್ಟು ಜಗ್ಗಿದರು. ಆಮೇಲೆ ಚೀಲದಿಂದ ಒಂದು ಸಣ್ಣ ಡ್ರಿಲ್ ತೆಗೆದರು. ಕಮಾನಿಗೆ ಬೆರಳು ಬಡಿದು ಸದ್ದು ಕೇಳಿ, ಒಂದು ಕಡೆ ಸಣ್ಣ ತೂತು ಕೊರೆದು, ಒಳಗೆ ಅಳತೆಯ ಕೊಕ್ಕೆ ಇಟ್ಟರು. ಅವರು ಅಂಕಿ ಓದುವ ಮೊದಲೇ ಮಗಳು ತಿರುಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅಲ್ಲಿಯೇ ಆಕೆಗೆ ಎಲ್ಲ ತಿಳಿದಿರಬೇಕು.

"ಎರಡು ಮಿಲಿಮೀಟರೂ ಇಲ್ಲಲ್ಲಪಾ" ಎಂದರು ಸಾಹೇಬರು. "ಎರಡೂವರಿ ಬೇಕು. ಈ ಗಾಡಿ ಬಿಡಾಕ ಬರಂಗಿಲ್ಲ."

ನಾಯಕ ಹುಡುಗ ಚೀಲದಿಂದ ಬಿಲ್ಲು ತೆಗೆದ. "ಬಿಲ್ಲಿನ್ಯಾಗ ಎರಡೂವರಿ ಐತಲ್ರಿ ಸರ!" ಎಂದ. ಅವರು ತಲೆ ಅಲ್ಲಾಡಿಸಿದರು. ಅವನು ನಮ್ಮ ಕಡೆ ತಿರುಗಿದ. "ಆ ರಾಶ್ಯಾಗಿಂದ ಅಳಿದವರು ಯಾರು? ಯಾರ ಅಳಿದ್ರಿ?"

ನಾನು ಬಾಯಿ ತೆರೆದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಹೇಳಲು ತೆರೆದಿದ್ದೆ. ಹೆಗಲ ಮೇಲಿಂದ ಜಾರಿ ನನ್ನ ಮುಂಗೈ ಮೇಲೆ ಟವೆಲ್ ಬಿದ್ದಿತ್ತು. ಅದರ ಅಡಿ ಆಕೆಯ ಕೈ ಬಂತು. ನನ್ನ ಇಡೀ ಮುಷ್ಟಿಯನ್ನು ಹಿಡಿದು ಬಿಗಿಯಾಗಿ ಒತ್ತಿತು. ಈಗ ಒಂದೇ ಕೈಗೆ ನನ್ನ ಮುಷ್ಟಿ ಸಿಗುತ್ತಿತ್ತು.

"ನಾನ ಅಳಿದಿದ್ದೆ" ಎಂದಳು. "ತಪ್ಪಿ ನೋಡೀನಿ."

"ತಪ್ಪಿ ನೋಡೀನಿ ಅಂದ್ರ? ವರ್ಷಗಟ್ಟಲೆ ದುಡಿದೀವಿ. ತಪ್ಪಿ ನೋಡೀನಿ ಅಂತಿ!"

"ಹೌದು. ನನ್ನ ತಪ್ಪು."

ಅವನು ಕೈಯಲ್ಲಿದ್ದ ಆಕೆಯ ಹೆಲ್ಮೆಟನ್ನು ನೆಲಕ್ಕೆ ಇಟ್ಟು ದೂರ ಹೋಗಿ ಕಂಬಕ್ಕೆ ಒರಗಿ ನಿಂತ. ಇನ್ನುಳಿದವರು ಆಕೆಯನ್ನು ನೋಡಲೇ ಇಲ್ಲ. ನಾನು ತುಟಿ ಬಿಚ್ಚಲಿಲ್ಲ. ಮುಷ್ಟಿ ಒತ್ತಿದ ಮೇಲೆ ಬಿಚ್ಚಬಾರದು ಎಂಬ ಕಾನೂನು ನನಗೆ ಆಗ ಬಲು ಅನುಕೂಲವಾಯಿತು.

ಸಾಹೇಬರು ಒಬ್ಬರೇ ಸಿಕ್ಕಾಗ ಹಿಂದೆ ಹೋದೆ. ಬೇರೇನು ಬರುತ್ತದೆ ನನಗೆ? ಚೌಕಾಶಿ ಮಾಡಿದೆ.

"ಸಾಹೇಬ್ರ, ಮೂರು ಸುತ್ತು ಬ್ಯಾಡ. ಒಂದ ಸುತ್ತು ಬಿಡ್ರಿ."

"ಬರಂಗಿಲ್ರಿ."

"ಟೈಮ್ ಬರಕೋಬ್ಯಾಡ್ರಿ. ಮೆಲ್ಲಕ ಹೋಗಿ ಬರ್ತಾಳ. ಸೈಕಲ್ ಹೋದಂಗ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹುಡುಗಿ ನಿಮ್ಮಾಕಿ ಏನ್ರಿ?"

"ಹೌದ್ರಿ. ಒಬ್ಬಾಕಿನ."

"ಒಳಗ ಕುಂತ್ರ ಮೆಲ್ಲಕ ಹೋಗ್ತಾಳೇನ್ರಿ ಆಕಿ?"

ಗಿರಣಿಯ ಅಂಗಳದಲ್ಲಿ ನೋಡಿದ್ದೆನಲ್ಲ.

"ಗಾಡಿ ಮಗುಚಿದ್ರ ಆಕಿ ತಲಿಗೂ ನೆಲಕ್ಕೂ ನಡುವ ಇರೋದು ಅದೊಂದ ಪೈಪು. ಅಪ್ಪ ನೀವು. ನೀವ ಹೇಳ್ರಿ, ಬಿಡಲೇನು?"

ಎಂಥೆಂಥ ವ್ಯಾಪಾರಿಗಳ ಮುಂದೆ ನಿಂತವನು ನಾನು. ಇನ್ನೊಂದು ದರ ಹೇಳದೆ ಹಿಂದಿರುಗಿದ್ದು ಅದೊಂದೇ ಸಲ. ಆ ಅಪರಿಚಿತ ಮನುಷ್ಯ ಒಂದು ನಿಮಿಷದಲ್ಲಿ ಮಾಡಿದ ಕೆಲಸವನ್ನು ನಾನು ಗೋಡೌನಿನಲ್ಲಿ ಮಾಡಿರಲಿಲ್ಲ.

ಮಧ್ಯಾಹ್ನದ ತನಕ ಬೇರೆ ಕಾಲೇಜಿನ ಗಾಡಿಗಳು ಓಡಿದವು. ಬಿದ್ದ ಕೋನು ಎತ್ತಿಡಲು ಜನ ಬೇಕಿತ್ತು. ಮಗಳು ತಾನೇ ಹೋಗಿ ಸ್ವಯಂಸೇವಕರ ಹಸಿರು ಅಂಗಿ ತೊಟ್ಟು ಬಿಸಿಲಲ್ಲಿ ನಿಂತಳು. ಯಾರದೋ ಗಾಡಿ ಕೋನು ಕೆಡವಿದಾಗಲೆಲ್ಲ ಓಡಿ ಹೋಗಿ, ಡಾಂಬರಿನ ಮೇಲೆ ಬರೆದ ಗುರುತಿನಲ್ಲೇ ಅದನ್ನು ಇಟ್ಟು, ಓಡಿ ಬರುತ್ತಿದ್ದಳು. ನಡುವೆ ಒಮ್ಮೆ ಆಕೆಯ ಬಲಗೈ ತಾನಾಗಿ ಗೇರು ಬದಲಿಸುವ ಹಾಗೆ ಅಲುಗಿದ್ದನ್ನು ನೋಡಿದೆ. ರೊಟ್ಟಿಯ ಗಂಟನ್ನು ಇನ್ನೊಂದು ತಂಡದ ಹುಡುಗರಿಗೆ ಕೊಟ್ಟುಬಿಟ್ಟಳು.

ಸಂಜೆ ಟೆಂಪೋದಲ್ಲಿ ಗಾಡಿ ಹೇರಿಕೊಂಡು ಬಂದೆವು. ಹುಡುಗರು ಹಿಂದೆ ಕೂತರು. ಮುಂದೆ ಡ್ರೈವರನ ಪಕ್ಕ ನಾನು, ನನ್ನ ಪಕ್ಕ ಆಕೆ. ಅರ್ಧ ದಾರಿ ಕಳೆದ ಮೇಲೆ, ರಸ್ತೆ ನೋಡುತ್ತಲೇ ಕೇಳಿದಳು.

"ಯಪ್ಪಾ, ಅವತ್ತು ಎತ್ತಿದಾಗ ಕೈಗೆ ಗೊತ್ತಾಗಲಿಲ್ಲೇನು?"

ನಿಜ ಹೇಳಿದರೆ ನಾನು ಮೋಸಗಾರ. ಸುಳ್ಳು ಹೇಳಿದರೆ ಕೈಗೆ ವಯಸ್ಸಾಯಿತು, ಅಷ್ಟೇ. ಯಾವುದು ಅಗ್ಗವೋ ಅದನ್ನು ತೆಗೆದುಕೊಂಡೆ.

"ಇಲ್ಲವ್ವಾ. ಗೊತ್ತಾಗಲಿಲ್ಲ."

"ಹೂಂ" ಎಂದಳು.

ನಾನು ಟವೆಲನ್ನು ನಮ್ಮಿಬ್ಬರ ನಡುವೆ ಹಾಸಿ ಅದರ ಅಡಿ ಆಕೆಯ ಕೈ ಹಿಡಿದೆ. ಏನು ದರ ಕೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಆಕೆ ಸಿಟ್ಟು ಮಾಡಲಿಲ್ಲ. ಎತ್ತು ಮಾರುವ ಮನಸ್ಸಿಲ್ಲದವರು ಸಂತೆಯಲ್ಲಿ ಮಾಡುವ ಹಾಗೆ, ಮೆಲ್ಲಗೆ ಕೈ ಹಿಂದಕ್ಕೆ ಎಳೆದುಕೊಂಡಳು.

ಈಗ ಆಕೆ ಒಂದು ಪೈಪಿನ ಕಾರ್ಖಾನೆಯಲ್ಲಿ ಅಳತೆ ತಪಾಸಣೆಯ ಕೆಲಸ ಮಾಡುತ್ತಾಳೆ. ಭಾನುವಾರ ಮನೆಗೆ ಬರುತ್ತಾಳೆ, ಅವ್ವನ ಜೊತೆ ನಗುತ್ತಾಳೆ, ನನಗೂ ಚಹಾ ತಂದು ಕೊಡುತ್ತಾಳೆ. ಯಾವುದಕ್ಕೂ ಕೊರತೆ ಇಲ್ಲ. ಒಂದೇ, ಅಂದಿನಿಂದ ಏನು ಕೊಳ್ಳಲು ಹೋದರೂ ನನ್ನನ್ನು ಕರೆದಿಲ್ಲ. ಮೊನ್ನೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಂದು ಬಾಗಿಲಲ್ಲಿ ನಿಲ್ಲಿಸಿದಾಗಲೇ ನನಗೆ ಗೊತ್ತಾದದ್ದು. ಸುತ್ತ ತಿರುಗಿ ನೋಡಿದೆ. ಟೈರು ಸವೆದಿತ್ತು, ಒಂದು ಕಡೆ ಬಣ್ಣ ಹೊಸದಾಗಿ ಹೊಡೆದದ್ದು.

"ಎಷ್ಟಕ್ಕ ದರ ಮುರದಿ?"

"ಅಂವ ಹೇಳಿದಷ್ಟಕ್ಕ" ಎಂದಳು.

ನನ್ನ ಮಗಳು. ನಾಲಿಗೆಯ ತುದಿಗೆ ಹತ್ತು ಬುದ್ಧಿಮಾತು ಬಂದಿದ್ದವು, ನುಂಗಿದೆ. "ಕುಂದ್ರು ಬಾ, ಒಂದ ಸುತ್ತು ಹೋಗಿ ಬರೋಣು" ಎಂದಳು. ಹಿಂದೆ ಕೂತೆ. ಮರಳಿ ಎಂಬ ಊರಿನ ಕಡೆ ಹೋಗುವ ರಸ್ತೆಯಲ್ಲಿ ಕಾಲುವೆಯ ಸೇತುವೆ ರಿಪೇರಿ ನಡೆದಿತ್ತು. ಕೆಂಪು ಕೋನುಗಳನ್ನು ಸಾಲಾಗಿ ಇಟ್ಟಿದ್ದರು. ಭಾನುವಾರ, ಕೆಲಸದವರಿಲ್ಲ, ಎದುರಿಗೆ ಗಾಡಿ ಇಲ್ಲ. ಆಕೆಯ ಬೆನ್ನು ನೆಟ್ಟಗಾಯಿತು. ಮೊದಲ ಕೋನಿನ ಎಡಕ್ಕೆ, ಎರಡನೆಯದರ ಬಲಕ್ಕೆ, ಮತ್ತೆ ಎಡಕ್ಕೆ. ಆರು ಕೋನು ಇದ್ದವು. ಒಂದನ್ನೂ ಮುಟ್ಟಲಿಲ್ಲ. ನಾನು ಸೀಟಿನ ಹಿಂದಿನ ಸರಳು ಹಿಡಿದುಕೊಂಡು ಆಕೆಯ ಕಿವಿಯ ಹತ್ತಿರ ಬಾಗಿದೆ.

"ಅವತ್ತು ಕೈಗೆ ಗೊತ್ತಾಗಿತ್ತವ್ವಾ" ಎಂದೆ.

ಗಾಡಿ ನಿಲ್ಲಲಿಲ್ಲ. ಗಾಳಿಯಲ್ಲಿ ಕೇಳಿಸಲಿಲ್ಲವೇನೋ ಅಂದುಕೊಂಡೆ. ಸೇತುವೆಯಾಚೆ ತಿರುಗಿಸಿಕೊಂಡು, ಬರುವಾಗ ಕೋನುಗಳ ಬದಿಗೆ ನೆಟ್ಟಗೆ, ಮೆಲ್ಲಗೆ, ಎಲ್ಲರೂ ಹೋಗುವ ಹಾಗೆ ಬಂದಳು. ಮನೆಯ ಮುಂದೆ ನಾನು ಇಳಿದ ಮೇಲೆ ಹೆಲ್ಮೆಟ್ ತೆಗೆದಳು.

"ಗೊತ್ತಿತ್ತು ಯಪ್ಪಾ. ಅವತ್ತು ಟೆಂಪೋದಾಗ, ನೀ ಹೇಳ್ತಿ ಅಂತ ಗಂಗಾವತಿ ಬರೋ ತನಕ ಕಾದೆ."

ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಒಳಗೆ ಹೋದಳು. ನಾನು ಅಲ್ಲೇ ನಿಂತು, ಮಾಡಲು ಬೇರೇನೂ ತೋಚದೆ, ಸವೆದ ಟೈರನ್ನು ಕೈಯಿಂದ ಒತ್ತಿ ಒತ್ತಿ ನೋಡುತ್ತಿದ್ದೆ.